ಗೌರವ್ವನ ಕೂಸಿನ ಎದೆಬಡಿತ

ಗೌರವ್ವಾ, ಆ ದಿನ ನಿನ್ನ ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ನನಗೆ ಕೇಳಿಸಿರಲಿಲ್ಲ. ಕೇಳಿಸಿತೆಂದು ಹೇಳಿದೆ.

ಹುಕ್ಕೇರಿಯಲ್ಲಿ ಸೂಲಗಿತ್ತಿಯ ತರಬೇತಿ ಮುಗಿಸಿ ಆಗಷ್ಟೇ ಧುಪದಾಳಕ್ಕೆ ಬಂದಿದ್ದೆ. ತರಬೇತಿಯಲ್ಲಿ ನಮ್ಮ ಕಿವಿ ಪಳಗಿಸಿದವರು ಸುಮಿತ್ರಾಬಾಯಿ ಎಂಬ ಹಿರಿಯ ನರ್ಸ್. ಬಸುರಿಯ ಹೊಟ್ಟೆಯ ಮೇಲೆ ಕಟ್ಟಿಗೆಯ ಕೊಳವೆಯಿಟ್ಟು ನಾವು ಒಬ್ಬೊಬ್ಬರೇ ಆಲಿಸಬೇಕು; ಕೇಳಿದ ಬಡಿತವನ್ನು, ಉಳಿದವರಿಗೆ ಕಾಣದಂತೆ, ಸುಮಿತ್ರಾಬಾಯಿಯ ಅಂಗೈ ಮೇಲೆ ಬೆರಳಿನಿಂದ ತಟ್ಟಿ ತೋರಿಸಬೇಕು. ಇನ್ನೊಂದು ಕೈ ತಾಯಿಯ ನಾಡಿಯ ಮೇಲಿರಬೇಕು. "ಎರಡೂ ಕೂಡೇ ಬಡದ್ರ ಅದು ತಾಯೀದು, ಕೂಸಿಂದಲ್ಲ. ಕೇಳಸಲಿಲ್ಲ ಅನ್ನಾಕ ನಾಚಬ್ಯಾಡ್ರಿ," ಎನ್ನುತ್ತಿದ್ದರು.

ನಾನು ನಾಚಿದೆ. ಕೂಸಿನ ಬಡಿತ ಚುರುಕೆಂದು ಗೊತ್ತಿತ್ತಲ್ಲ — ಏನೂ ಕೇಳಿಸದಿದ್ದರೂ ಚುರುಕಾಗಿ ತಟ್ಟುತ್ತಿದ್ದೆ. "ನಿನ್ನ ಕಿವಿ ಭಾಳ ಚಲೋ ಐತಿ," ಎಂದರು. ಆ ಮಾತು ಸುಳ್ಳೆಂದು ಎಲ್ಲಿ ಬಯಲಾಗುವುದೋ ಎಂಬ ದಿಗಿಲು ಅಂದಿನಿಂದ ಶುರುವಾಯಿತು.

"ಬಾಯಾರ, ನಿನ್ನಿಯಿಂದ ಕೂಸು ಮಿಸುಕವಲ್ದು," ಎಂದು ಆ ದಿನ ನಿಮ್ಮ ಮನೆಯಲ್ಲಿ ನೀನು ನನ್ನ ಸೆರಗು ಹಿಡಿದೆ. ಬಾಗಿಲಲ್ಲಿ ನಿನ್ನ ಅತ್ತೆ ನಿಂತಿದ್ದರು. ಕೊಳವೆಯಲ್ಲಿ ಏನೋ ಬಡಿಯುತ್ತಿತ್ತು — ಬಹುಶಃ ಹೆದರಿದ ನಿನ್ನದೇ ನೆತ್ತರು. ನಿನ್ನ ಮಣಿಕಟ್ಟು ಹಿಡಿದಿದ್ದರೆ ತಿಳಿಯುತ್ತಿತ್ತು. ಹಿಡಿಯಲಿಲ್ಲ. ಹಿಡಿದರೆ ಆಮೇಲೆ, ಅತ್ತೆಯ ಮುಂದೆ, ನನಗೆ ಗೊತ್ತಾಗುತ್ತಿಲ್ಲ ಎಂದು —

"ಚಲೋ ಐತಿ. ಮಲಗೇತಿ," ಎಂದುಬಿಟ್ಟೆ.

ನೀನು ನಕ್ಕೆ. ಗೋಕಾಕದ ದವಾಖಾನೆಗೆಂದು ಹೂಡಿದ್ದ ಎತ್ತುಗಳನ್ನು ನಿನ್ನ ಗಂಡ ಬಿಚ್ಚಿದ.

ಕೂಸು ಸತ್ತೇ ಹುಟ್ಟಿತು. ಬಂಡಿ ಹೋಗಿದ್ದರೆ ಉಳಿಯುತ್ತಿತ್ತೇ — ಗೊತ್ತಿಲ್ಲ. ಅದು ಎಂದೂ ಗೊತ್ತಾಗದಂತೆ ಮಾಡಿದವಳು ನಾನು. ಅದಕ್ಕಿಂತ ಕೆಟ್ಟದ್ದು ಆಮೇಲಿನದು. "ತುಂಬಿದ ಕೊಡಾ ಎತ್ತಿದ್ನಲ್ಲ, ಅದಕ್ಕ ಹಿಂಗಾತೇನ್ರಿ?" ಎಂದು ನೀನು ಕೇಳಿದೆ. ಅತ್ತೆ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಇರಬೌದು," ಎಂದೆ.

ಮುಂದೆ ನಿನಗೆ ಮಕ್ಕಳಾದ ಮೇಲೂ ಅತ್ತೆ ನಿನ್ನನ್ನು "ಕೂಸು ತಿಂದಾಕಿ" ಎನ್ನುವುದು ನನಗೆ ತಿಳಿದಿತ್ತು. ತಿಳಿದೂ ಸುಮ್ಮನಿದ್ದೆ.

ಈಗ ಹುಕ್ಕೇರಿಯಲ್ಲಿ ಹೊಸ ಹುಡುಗಿಯರಿಗೆ ಆಲಿಸುವುದನ್ನು ಕಲಿಸುವವಳು ನಾನೇ. ಕೂಸಿನ ಬಡಿತ ಸಿಗಲಾರದ ಜಾಗದಲ್ಲೂ ಬೇಕೆಂದೇ ಒಮ್ಮೊಮ್ಮೆ ಕೊಳವೆ ಇಡಿಸುತ್ತೇನೆ — ಕೇಳಿಸಲಿಲ್ಲ ಎಂದು ಹೇಳುವ ಧೈರ್ಯ ಬರಲೆಂದು. ಮೊನ್ನೆ ಒಬ್ಬಳು ಅಲ್ಲಿ ಕಿವಿಯಿಟ್ಟು, ನಗುತ್ತ, ನನ್ನ ಅಂಗೈ ಮೇಲೆ ಚುರುಕಾಗಿ ತಟ್ಟಿದಳು.

ನಾಳೆ ಧುಪದಾಳಕ್ಕೆ ಬರುತ್ತೇನೆ, ಗೌರವ್ವಾ. ನಿನ್ನೊಬ್ಬಳಿಗೆ ಹೇಳಿದರೆ ಸಾಲದು — ನಿನ್ನ ಅತ್ತೆಯೆದುರು ಹೇಳಬೇಕು. ಬಾಗಿಲು ಹಾಕಿಕೊಂಡರೆ ಅಂಗಳದಲ್ಲಿ ನಿಂತೇ ಹೇಳುತ್ತೇನೆ. ಓಣಿಯೆಲ್ಲ ಕೇಳಲಿ.