ಕೆಳಗಿನ ಬೀದಿಗೆ ಆರು ಸುತ್ತು

ಪುಟ್ಟಸ್ವಾಮಣ್ಣ ತಮ್ಮದೇ ಬೀದಿಯವರಿಗೆ ನೀರು ಕಡಿಮೆ ಬಿಡುತ್ತಾರೆ ಎಂದು ಏಳು ವರ್ಷಗಳ ಹಿಂದೆ ನಾನು ಪತ್ರಿಕೆಯಲ್ಲಿ ಬರೆದೆ. ಅದು ನಿಜವಲ್ಲವೆಂದು ಬರೆಯುವಾಗಲೇ ನನಗೆ ಗೊತ್ತಿತ್ತು. ಯಾರೂ ನನಗೆ ತಪ್ಪು ಮಾಹಿತಿ ಕೊಡಲಿಲ್ಲ. ಅವಸರವೂ ಇರಲಿಲ್ಲ.

ಆಗ ನಾನು ಹಾಸನದ ಒಂದು ದಿನಪತ್ರಿಕೆಗೆ ಚನ್ನರಾಯಪಟ್ಟಣ ತಾಲ್ಲೂಕಿನ ವರದಿಗಾರ್ತಿ. ಪುಟ್ಟಸ್ವಾಮಣ್ಣನದು ನುಗ್ಗೇಹಳ್ಳಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಊರು. ಹೆಸರು ಈ ಬಾರಿ ಬರೆಯುವುದಿಲ್ಲ. ಊರಿಗೆ ಒಂದೇ ಟ್ಯಾಂಕು. ಅದರ ಕೆಳಗೆ ಎರಡು ಗುಂಡಿ, ಗುಂಡಿಗೊಂದು ಗೇಟ್ ವಾಲ್ವ್ — ಒಂದು ಮೇಲಿನ ಬೀದಿಯ ಪೈಪಿಗೆ, ಇನ್ನೊಂದು ಕೆಳಗಿನ ಬೀದಿಯ ಪೈಪಿಗೆ. ಉದ್ದನೆಯ ಕಬ್ಬಿಣದ ಕೀಲಿಯನ್ನು ಗುಂಡಿಗೆ ಇಳಿಬಿಟ್ಟು ತಿರುಗಿಸಿದರೆ ಒಳಗಿನ ಹಲಗೆ ಸುತ್ತು ಸುತ್ತಿಗೆ ಮೇಲೇಳುತ್ತದೆ, ಅಷ್ಟಷ್ಟೇ ನೀರಿಗೆ ದಾರಿಯಾಗುತ್ತದೆ. ಹನ್ನೊಂದು ಸುತ್ತಿಗೆ ಪೂರ್ತಿ ತೆರೆದಂತೆ.

ದಿನಾ ಬೆಳಿಗ್ಗೆ ನೀರು ಬಿಡುತ್ತಿದ್ದವರು ಪುಟ್ಟಸ್ವಾಮಣ್ಣ. ಊರವರು ಕಾಲೊನಿ ಎನ್ನುವ ಕೆಳಗಿನ ಬೀದಿಯವರು ಅವರು. ‘ನಮ್ಮೋನೇ ನಮಗೆ ಕಮ್ಮಿ ಬಿಡ್ತಾನೆ’ ಎಂಬ ದೂರು ಬಂದದ್ದೂ ಆ ಬೀದಿಯಿಂದಲೇ. ನಾನು ಹೋಗಿ ಗುಂಡಿಯ ಪಕ್ಕ ನಿಂತು ಎಣಿಸಿದೆ. ಮೇಲಿನ ಬೀದಿಗೆ ಹನ್ನೊಂದು ಸುತ್ತು. ಕೆಳಗಿನ ಬೀದಿಗೆ ಆರು.

ಯಾಕೆ ಹೀಗೆ ಎಂದು ಕೇಳಿದಾಗ ಅವರಿಗೆ ಕೋಪ ಬರಲಿಲ್ಲ. ಕೇಳುವವರೊಬ್ಬರು ಸಿಕ್ಕರಲ್ಲ ಎಂಬ ಖುಷಿಯೇ ಕಂಡಿತು.

“ಕೆಳಗಡೆ ಬೀದಿ ತಗ್ಗು ಕಣವ್ವ. ಅಲ್ಗೆ ನೀರು ಕರೀದಿದ್ರೂ ಓಯ್ತದೆ. ಮೇಲಕ್ಕೆ ಕಾಲು ಇಡ್ಕಂಡ್ರೂ ಅತ್ತಕಿಲ್ಲ. ಕೆಳಕ್ಕೆ ಪೂರಾ ಬಿಟ್ರೆ ಮೇಲ್ಗಡೆ ನಲ್ಲೀಲಿ ಬರೀ ಗಾಳಿ! ಆರು ಸುತ್ತು ಬಿಟ್ರೆ ಎರಡೂ ಕಡೆ ಒಂದೇ ಸಮ. ನೋಡ್ತೀಯಾ? ಬಿಂದಿಗೆ ಇಡಿಸ್ಲಾ?”

ಇಡಿಸಿದರು. ಮೇಲಿನ ಬೀದಿಯ ನಲ್ಲಿಗೊಂದು, ಕೆಳಗಿನ ಬೀದಿಯ ನಲ್ಲಿಗೆ ಅಷ್ಟೇ ದೊಡ್ಡದೊಂದು. ನಾನು ಮೊಬೈಲಿನಲ್ಲಿ ಸಮಯ ಹಿಡಿದೆ. ಎರಡೂ ತುಂಬಲು ಹಿಡಿದ ಹೊತ್ತು ಹೆಚ್ಚುಕಡಿಮೆ ಒಂದೇ. ಕೆಳಗಿನದು ಒಂದು ಚೂರು ಬೇಗವೇ ತುಂಬಿತು. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಗೇಟ್ ವಾಲ್ವನ್ನು ಅರ್ಧಕ್ಕೆ ನಿಲ್ಲಿಸಿದರೆ ಹಲಗೆ ಸವೆಯುತ್ತದೆ, ನೀರು ಹೆಚ್ಚು ಕಡಿಮೆ ಮಾಡಲೆಂದೇ ಬೇರೆ ಜಾತಿಯ ವಾಲ್ವ್ ಬರುತ್ತದೆ, ಅದನ್ನು ಹಾಕಿಸಿ ಎಂದು ಪಂಚಾಯಿತಿಯವರನ್ನು ಎರಡು ಸಲ ಕೇಳಿದ್ದೇನೆ ಎಂದರು. ಅದನ್ನೂ ಬರೆದುಕೊಂಡೆ. ಅವರ ಹೆಂಡತಿ ಜಯಮ್ಮ ಮನೆಗೆ ಕರೆದು ಕಾಫಿ ಕೊಟ್ಟರು. “ಬರಿಯವ್ವ, ಒಸಿ ಚೆನ್ನಾಗ್ ಬರಿ. ಈ ಜನುಕ್ಕೆ ಇವ್ರು ಏಳಿದ್ರೆ ಅರ್ಥ ಆಗಕಿಲ್ಲ, ಪೇಪರ್ನಲ್ಲಿ ಬಂದ್ರೆ ಆಯ್ತದೆ” ಎಂದು ನಕ್ಕರು.

‘ಮೇಲಿನ ಬೀದಿಗೆ ಹನ್ನೊಂದು, ಕೆಳಗಿನ ಬೀದಿಗೆ ಆರು’ — ಇದು ಮರುದಿನದ ತಲೆಬರಹ. ಎರಡು ಸಂಖ್ಯೆಗಳೂ ಸರಿ. ಬಿಂದಿಗೆಯ ಮಾತು ವರದಿಯಲ್ಲಿ ಇರಲಿಲ್ಲ. ಬೀದಿ ತಗ್ಗಿನಲ್ಲಿದೆ ಎಂಬುದೂ ಇರಲಿಲ್ಲ. ಜಾಗ ಸಾಲಲಿಲ್ಲ ಎಂದು ಹೇಳಬಹುದಿತ್ತು — ಜಾಗವಿತ್ತು. ಆ ಎರಡು ವಾಕ್ಯ ಸೇರಿಸಿದರೆ ಅದು ಸುದ್ದಿಯಾಗಿ ಉಳಿಯುತ್ತಿರಲಿಲ್ಲ, ಅಷ್ಟೇ. ನೀರಿನಲ್ಲಿ ತಾರತಮ್ಯ ನಡೆಯುವುದನ್ನು ಬೇರೆ ಊರುಗಳಲ್ಲಿ ನಾನೇ ಕಂಡು ಬರೆದಿದ್ದೆ, ಅವೆಲ್ಲ ನಿಜವಾದ ಸುದ್ದಿಗಳು. ಅವು ನಿಜವಾಗಿದ್ದರಿಂದಲೇ ಜನ ಇದನ್ನೂ ನಂಬಿದರು. ಆ ನಂಬಿಕೆಯನ್ನು ನಾನು ಬಳಸಿಕೊಂಡೆ.

ವಾರದೊಳಗೆ ಪಂಚಾಯಿತಿಯವರು ಪುಟ್ಟಸ್ವಾಮಣ್ಣನ ಕೈಯಿಂದ ಕೀಲಿ ತೆಗೆದುಕೊಂಡರು. ಹೊಸಬ ಬಂದು ನ್ಯಾಯವಾಗಿ ಎರಡನ್ನೂ ಪೂರ್ತಿ ತೆರೆದ. ಮೇಲಿನ ಬೀದಿಯ ನಲ್ಲಿಗಳಲ್ಲಿ ಗಾಳಿ ಬಂತು. ಅವನು ವಾಲ್ವನ್ನು ಸರಸರ ಮುಚ್ಚುತ್ತಿದ್ದ. ಓಡುವ ನೀರು ಗಕ್ಕನೆ ನಿಂತಾಗ ಪೈಪನ್ನೇ ಒದೆಯುತ್ತದೆ — ಒಂದು ದಿನ ಜಾಯಿಂಟ್ ಒಡೆದುಹೋಯಿತು. ಕೊನೆಗೆ ಎಂಜಿನಿಯರೊಬ್ಬರು ಬಂದು ನೋಡಿ ಕೆಳಗಿನ ಬೀದಿಗೆ ಆರೇ ಸುತ್ತು ಎಂದು ಗೊತ್ತುಮಾಡಿ ಹೋದರು. ಯಾಕೆಂದು ಬೀದಿಯವರಿಗೆ ಯಾರೂ ಹೇಳಲಿಲ್ಲ. ಇದೂ ನನಗೆ ಗೊತ್ತಾಯಿತು. ಅದೂ ಒಂದು ಸುದ್ದಿಯೇ ಆಗಿತ್ತು, ನಾನು ಬರೆಯಲಿಲ್ಲ. ಆಮೇಲೆ ಹಾಸನದ ಕಚೇರಿಗೆ ವರ್ಗವಾದೆ. ಈಗ ಅರಕಲಗೂಡಿನಿಂದಲೋ ಹೊಳೆನರಸೀಪುರದಿಂದಲೋ ವರದಿ ಬಂದರೆ ಅದನ್ನು ತಿದ್ದುವುದು ನನ್ನ ಕೆಲಸ. ‘ಇನ್ನೊಂದು ಕಡೆಯವರ ಮಾತು ಎಲ್ಲಿ?’ ಎಂದು ದಿನಕ್ಕೊಮ್ಮೆಯಾದರೂ ಫೋನಿನಲ್ಲಿ ಗದರುತ್ತೇನೆ.

ಹೋದ ವಾರ ಹನಿ ನೀರಾವರಿಯ ಒಂದು ಲೇಖನಕ್ಕಾಗಿ ದಂಡಿಗನಹಳ್ಳಿ ಕಡೆಯ ತೆಂಗಿನ ತೋಟಕ್ಕೆ ಹೋಗಿದ್ದೆ. ನೀರು ನೋಡಿಕೊಳ್ಳುವವರು ತೋರಿಸುತ್ತಾರೆ ಎಂದು ತೋಟದವರು ಹೇಳಿದರು. ಸಾಲಿನ ನಡುವಿನಿಂದ ಎದ್ದು ಬಂದವರು ಪುಟ್ಟಸ್ವಾಮಣ್ಣ.

“ಅಯ್ಯೋ, ಪೇಪರ್ ಮೇಡಮ್ಮೋರು! ಸಣ್ಣಗಾಗ್ಬುಟ್ಟಿದ್ದೀಯಲ್ಲವ್ವ!”

ಅವರಿಗೆ ನನ್ನ ಮೇಲೆ ಕೋಪವೇನೂ ಇರಲಿಲ್ಲ. ಆ ಮುಖ ನೋಡಿ ನನಗೆ ನಿಲ್ಲಲಾಗಲಿಲ್ಲ, ಹೋಗಲೂ ಆಗಲಿಲ್ಲ. ಅವರು ಉತ್ಸಾಹದಿಂದ ಎಲ್ಲ ತೋರಿಸಿದರು. ಕೊಳವೆಬಾವಿಯ ಬಾಯಲ್ಲಿ ಒಮ್ಮುಖದ ವಾಲ್ವ್: ಮೋಟಾರ್ ನಿಂತಾಗ ಮೇಲೆ ಬಂದ ನೀರು ಹಿಂದಕ್ಕೆ ಬೀಳದಂತೆ ಒಳಗಿನ ಮುಚ್ಚಳ ತಾನೇ ಕೂತುಕೊಳ್ಳುತ್ತದೆ. ಪೈಪು ಏರಿದ ಕಡೆ ಸಿಕ್ಕಿಕೊಂಡ ಗಾಳಿಯನ್ನು ಬಿಡಲು ಏರ್ ವಾಲ್ವ್. ಒಂದೊಂದು ಭಾಗಕ್ಕೆ ಒಂದೊಂದು ಬಾಲ್ ವಾಲ್ವ್. ಒಳಗೆ ತೂತಿರುವ ಗುಂಡು, ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಸಾಕು. “ಕಾಲು ಸುತ್ತು ಅಂತ ಗಕ್ಕಂತ ಮುಚ್ಬುಟ್ಟೀಯ, ನೀರಿಗೂ ಒಸಿ ಟೈಮು ಕೊಡ್ಬೇಕು” ಎಂದರು.

ಬುತ್ತಿ ತಂದ ಜಯಮ್ಮ ಮಾತ್ರ ನನ್ನನ್ನು ನೋಡಿ ನಗಲಿಲ್ಲ. ಗಂಡ ಮೋಟಾರಿನ ಕಡೆ ಹೋದಾಗ ಹೇಳಿದರು. ಬೀದಿಯಲ್ಲಿ ಇವರನ್ನು ಈಗಲೂ ‘ಆರು ಸುತ್ತು’ ಎಂದೇ ಕರೆಯುತ್ತಾರಂತೆ. ಪುಟ್ಟಸ್ವಾಮಣ್ಣನ ತಂಗಿ ಲಕ್ಷ್ಮಮ್ಮನ ದೊಡ್ಡ ಮಗಳು ರೂಪಾಳ ಮದುವೆಗೆ ಇವರನ್ನು ಕರೆಯಲಿಲ್ಲವಂತೆ. ಹೆಣ್ಣನ್ನು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ಒಡಹುಟ್ಟಿದ ಅಣ್ಣ ಎರಡು ಮನೆ ಆಚೆ ಕೂತಿರುವಾಗ ಯಾರೋ ದೂರದ ನೆಂಟನನ್ನು ಆ ಜಾಗಕ್ಕೆ ನಿಲ್ಲಿಸಿದರಂತೆ. “ಓಲಗ ಕೇಳುಸ್ತಿತ್ತು. ಬಿಳೀ ಪಂಚೆ ಉಟ್ಕಂಡು ಜಗಲೀಲಿ ಕೂತಿದ್ರು, ಕರೀತಾರೇನೋ ಅಂತ. ಮುಂದ್ಲ ತಿಂಗ್ಳು ಚಿಕ್ಕೋಳ ಮದ್ವೆ” ಎಂದರು.

ನಾನು ಪುಟ್ಟಸ್ವಾಮಣ್ಣನ ಹತ್ತಿರ ಹೋಗಿ ಹೇಳಿದೆ. ಬಿಂದಿಗೆಯ ಲೆಕ್ಕ ನನಗೆ ಗೊತ್ತಿತ್ತು, ಬೇಕೆಂದೇ ಬಿಟ್ಟೆ ಎಂದೆ.

ಅವರು ಕೈ ಒರೆಸಿಕೊಂಡರು. “ಮರ್ತಿರ್ಬೇಕು ಆ ಉಡ್ಗಿ, ಅಂತ ನಾನು ಇವಳಿಗೆ ಏಳ್ತಿದ್ದೆ ಕಣವ್ವ. ಏಳೊರ್ಸದಿಂದ ಅಂಗೇ ಏಳ್ತಿದ್ದೆ.”

“ಮರೆತಿರಲಿಲ್ಲ.”

ಅವರು ಮೋಟಾರಿನ ಕಡೆ ತಿರುಗಿದರು. ಬೈದಿದ್ದರೆ — ಅದನ್ನು ಬಯಸುವ ಹಕ್ಕೂ ನನಗಿಲ್ಲ. ಏಳು ವರ್ಷ ಅವರು ನನ್ನ ಪರವಾಗಿ ತಮ್ಮ ಹೆಂಡತಿಯ ಮುಂದೆ ವಾದಿಸಿದ್ದರು. ಆ ವಾದವನ್ನೂ ಅಂದು ನಾನೇ ಸೋಲಿಸಿದೆ.

ಮರುದಿನ ಬೆಳಿಗ್ಗೆ ಲಕ್ಷ್ಮಮ್ಮನ ಮನೆಗೆ ಹೋದೆ. ನೀರು ಬರುವ ಹೊತ್ತು, ಬೀದಿಯವರೆಲ್ಲ ನಲ್ಲಿಯ ಹತ್ತಿರವೇ ಇದ್ದರು. ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. “ಅಂಗಾರೆ ಪುಟ್ಸಾಮಣ್ಣಂದು ಏನೂ ತಪ್ಪಿಲ್ವಾ?” ಎಂದು ಒಬ್ಬರು ಕೇಳಿದರು. ಇಲ್ಲ, ತಪ್ಪು ನನ್ನದು ಎಂದೆ. “ಸಂಬ್ಳ ತಕ್ಕಂಡು ಸುಳ್ಳು ಬರೀತೀರಾ?” ಎಂದು ಇನ್ನೊಬ್ಬಾಕೆ. ಹೌದು ಎಂದೆ.

ಲಕ್ಷ್ಮಮ್ಮ ತುಂಬಿದ ಕೊಡವನ್ನು ಕೆಳಗಿಟ್ಟರು. ಅವರ ಕಣ್ಣು ತುಂಬಿತ್ತು, ದನಿ ಮಾತ್ರ ಅಲುಗಲಿಲ್ಲ.

“ಪೇಪರ್ನೋರು ಬರೆದ್ರು. ನಂಬ್ದೋಳು ನಾನು. ನನ್ನ ಒಡುಟ್ದೋನು ಬಂದು ಬಾಗ್ಲಲ್ಲಿ ನಿಂತು ಏಳ್ದ, ನಾನು ಕೇಳ್ನಿಲ್ಲ. ಅದು ನಂದು, ನಾನು ನೋಡ್ಕತೀನಿ. ಚಿಕ್ಕೋಳ ಮದ್ವೆಗೆ ನಮ್ಮಣ್ಣನ್ನ ನಾನೇ ಓಗಿ ಕರೀತೀನಿ. ನೀವು ನಡುವೆ ಬರ್ಬೇಡಿ.”

ಸರಿ ಎಂದೆ.

“ರೂಪಾಂದು?” ಎಂದರು. “ಅವಳ ಮದ್ವೆ ಇನ್ನೊಂದ್ಸಲ ಮಾಡಕಾಯ್ತದಾ?”

ರೂಪಾ ಅರಕಲಗೂಡಿನಲ್ಲಿ ಗಂಡನ ಮನೆಯಲ್ಲಿದ್ದಾಳೆ. ವಿಳಾಸ ಕೇಳಿದೆ, ಕೊಟ್ಟರು. ಭಾನುವಾರ ಹೋಗುತ್ತಿದ್ದೇನೆ. ಅವಳನ್ನು ಹಸೆಮಣೆಗೆ ಕರೆತರಬೇಕಾಗಿದ್ದ ಮಾವ ಆ ಬೆಳಿಗ್ಗೆ ಬಿಳಿ ಪಂಚೆ ಉಟ್ಟು ಎರಡು ಮನೆ ಆಚೆಯೇ ಕಾದು ಕೂತಿದ್ದರೆಂದು ಅವಳಿಗೆ ಯಾರೂ ಹೇಳಿಲ್ಲವಂತೆ. ಅದನ್ನು ಹೇಳಬೇಕಾದವಳು ನಾನು.