ಗೋಣಿಚೀಲದಲ್ಲಿ ಬೇಯುತ್ತಿದ್ದ ಚೆಂಡುಹೂ

ಅದು ೧೯೯೭, ನಮ್ಮ ಚಾಮರಾಜನಗರ ಜಿಲ್ಲೆಯಾದ ವರ್ಷ. ಊರಿನ ಸಂಭ್ರಮದ ಜೊತೆಗೆ ನನಗೂ ಒಂದು ಕೆಲಸ ಸಿಕ್ಕಿತ್ತು. ಗುಂಡ್ಲುಪೇಟೆಯ ಚೆಂಡುಹೂ ಖರೀದಿ ಕೇಂದ್ರದಲ್ಲಿ ಕಂಪ್ಯೂಟರ್ ಆಪರೇಟರ್. ದಿನಾ ಬಸ್ಸಿನಲ್ಲಿ ಓಡಾಟ. ಹೂವಿನಿಂದ ಬಣ್ಣ ತೆಗೆಯುವ ಕಾರ್ಖಾನೆಗೆ ಅಲ್ಲಿಂದ ಲಾರಿ ಹೋಗುತ್ತಿತ್ತು. ಒಪ್ಪಂದದ ರೈತರ ವಿವರವೆಲ್ಲ ಕಂಪ್ಯೂಟರಿನಲ್ಲಿತ್ತು. ಅದರಿಂದ ಚೀಟಿ ಬಂದರೆ ಮಾತ್ರ ತೂಕ. ಕೈಬರಹದ ಚೀಟಿಯನ್ನು ಕಾರ್ಖಾನೆಯವರು ಮುಟ್ಟುತ್ತಲೂ ಇರಲಿಲ್ಲ.

ದಸರಾಕ್ಕೆ ಮುಂಚೆ ಬೆಂಗಳೂರಿನಿಂದ ಎಂಜಿನಿಯರ್ ಒಬ್ಬರು ಬಂದು ಹೊಸ ಸಾಫ್ಟ್‌ವೇರ್ ಹಾಕಿದರು. ಬಸ್ಸಿಗೆ ಹೊತ್ತಾಯಿತೆಂದು ಪೂರ್ತಿ ಪರೀಕ್ಷೆ ಮಾಡದೆ, ಬೇಕಾದರೆ ಇರಲಿ ಎಂದು ಡ್ರೈವರ್ ಎಂಬ ಹಳೆಯ ಪ್ರೋಗ್ರಾಮ್ ಇದ್ದ ಫ್ಲಾಪಿಯೊಂದನ್ನು ನನ್ನ ಕೈಗಿಟ್ಟು ಹೊರಟರು. ಹಬ್ಬದ ರಜೆ ಮುಗಿಸಿ ಬಂದು ನೋಡಿದರೆ ಪ್ರೋಗ್ರಾಮ್ ಜಮ್ಮೆಂದು ತೆರೆದುಕೊಂಡಿತು. ಆದರೆ ಒಬ್ಬ ರೈತನ ಹೆಸರೂ ಬರಲಿಲ್ಲ.

ಫೋನ್ ಮಾಡಿದೆ. ಡೇಟಾಬೇಸಿನಿಂದ ವಿವರ ತಂದುಕೊಡುವುದೇ ಡ್ರೈವರಿನ ಕೆಲಸ, ಹೊಸ ಡ್ರೈವರಿಗೆ ನಿಮ್ಮ ಹಳೆಯ ಫೈಲುಗಳು ಅರ್ಥವಾಗುತ್ತಿಲ್ಲ, ಫ್ಲಾಪಿಯಲ್ಲಿರುವ ಹಳೆಯದನ್ನೇ ಹಾಕಿ ಎಂದರು ಎಂಜಿನಿಯರ್. ಫ್ಲಾಪಿ ಹಾಕಿದೆ. ಕರಕರ ಎಂದಿತು. ತೆಗೆದು ಅದರ ತಗಡಿನ ಮುಚ್ಚಳ ಸರಿಸಿದರೆ ಒಳಗೆಲ್ಲ ಕುಂಕುಮ.

ನಮ್ಮ ಮ್ಯಾನೇಜರ್ ದೈವಭಕ್ತರು. ಆಯುಧಪೂಜೆಯ ದಿನ ಕಂಪ್ಯೂಟರಿಗೆ, ಪ್ರಿಂಟರಿಗೆ ಕುಂಕುಮ ಹಚ್ಚಿ, ಫ್ಲಾಪಿಯನ್ನೂ ಬಿಟ್ಟಿರಲಿಲ್ಲ. “ಶಕ್ತಿಯೆಲ್ಲ ಒಳಗಲ್ವೇನಮ್ಮ ಇರೋದು, ಅದಕ್ಕೇ ಒಳಗೂ ಇಟ್ಟೆ” ಎಂದು ಮೆಲ್ಲಗೆ ಹೇಳಿದರು. ಇನ್ನೊಂದು ಫ್ಲಾಪಿ ಬೆಂಗಳೂರಿನಿಂದ ಬರುವುದು ಮರುದಿನವೇ. ಹೊರಗೆ ಗಾಡಿಗಳು ಸಾಲುಗಟ್ಟಿದ್ದವು. ನಾನು ಹೋಗಿ, ನಾಳೆ ಬನ್ನಿ ಎಂದುಬಿಟ್ಟೆ.

ಮೊದಲ ಗಾಡಿಯಲ್ಲಿದ್ದ ಸಿದ್ದಮ್ಮ ಎಂಬ ವಯಸ್ಸಾದ ಹೆಂಗಸು ಇಳಿದು ಬಂದು ನನ್ನ ಕೈ ಹಿಡಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಕೈಯನ್ನು ಗೋಣಿಚೀಲದ ಹೂವಿನೊಳಗೆ ಮೊಣಕೈವರೆಗೆ ತೂರಿಸಿದಳು. ಒಳಗೆ ಸುಡುಸುಡು ಬಿಸಿ. ಬೆಚ್ಚಿ ಕೈ ಎಳೆದುಕೊಂಡೆ.

“ಒಳಗೇ ಬೇಯ್ತಾದೆ ಕಣವ್ವ. ನಾಳೆಗಂಟ ಬುಟ್ರೆ ಗೊಬ್ರ ಆಯ್ತದೆ. ವರ್ಸೆಲ್ಲ ಬೆಳ್ದಿರದು ಇದೊಂದೇಯ.”

ಕಿತ್ತ ಹೂ ಹೀಗೆ ಬಿಸಿಯೇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಪರದೆಯ ಮೇಲೆ ಹೆಸರು, ತೂಕ ನೋಡಿದ್ದೆನೇ ಹೊರತು ಹೂ ಮುಟ್ಟಿದವಳಲ್ಲ.

ಒಳಗೆ ಬಂದು ಬ್ಲೇಡಿನಿಂದ ಫ್ಲಾಪಿಯ ಹೊರಕವಚ ಬಿಡಿಸಿದೆ. ಬೇಡಮ್ಮ, ಇರುವುದೂ ಹೋದೀತು ಎಂದರು ಮ್ಯಾನೇಜರ್. ಕೇಳಲಿಲ್ಲ. ಒಳಗಿನ ಕಪ್ಪು ಹಾಳೆಯನ್ನು ನೀರಿನಲ್ಲಿ ಮೆಲ್ಲಗೆ ತೊಳೆದು, ಮೆತ್ತನೆ ಬಟ್ಟೆಯಲ್ಲಿ ಒತ್ತಿ ಆರಿಸಿ, ಹೊಸ ಫ್ಲಾಪಿಯ ಕವಚದೊಳಗೆ ಕೂರಿಸಿದೆ. ಕಂಪ್ಯೂಟರ್ ಕ್ಲಾಸಿನಲ್ಲಿ ಮೇಷ್ಟ್ರೊಬ್ಬರು ಯಾವಾಗಲೋ ಹೇಳಿದ್ದು, ಮಾಡಿದ್ದು ಅದೇ ಮೊದಲು. ಡ್ರೈವಿನ ಒಳಗನ್ನೂ ಒರೆಸಿ ಫ್ಲಾಪಿ ಹಾಕಿದೆ. ಮೊದಲ ಸಲ ಓದಲಿಲ್ಲ. ಇನ್ನೊಮ್ಮೆ ಹಾಕಿದಾಗ ಓದಿತು. ಹೊಸ ಡ್ರೈವರ್ ತೆಗೆದು ಹಳೆಯದನ್ನು ಹಾಕಿದ ಮೇಲೆ ರೈತರ ಹೆಸರುಗಳು ಒಂದರ ಕೆಳಗೊಂದು ಇಳಿದು ಬಂದವು. ಮ್ಯಾನೇಜರ್ ಕೈಮುಗಿದರು. ಯಾರಿಗೆ ಎಂದು ಕೇಳಲಿಲ್ಲ.

ಹೆಮ್ಮೆಯಿಂದ ಮೊದಲ ಚೀಟಿ ಹಿಡಿದು ಹೊರಗೆ ಓಡಿದೆ. ಅಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಸಿದ್ದಮ್ಮನ ಚೀಲಗಳನ್ನು ಸುರಿದಾಗ ಹಬೆ ಎದ್ದಿತು. ಸುತ್ತಲಿನ ಹೂ ಚೆನ್ನಾಗಿತ್ತು, ನಡುವಿನದು ಕಪ್ಪಾಗಿ ಮುದ್ದೆಯಾಗಿತ್ತು. ತೂಕದವರು ಅರ್ಧ ಮಾತ್ರ ತೆಗೆದುಕೊಂಡರು. ನನಗೆ ಕಣ್ಣು ತುಂಬಿ ಬಂತು.

“ಅರ್ಧನಾರ ಉಳೀತಲ್ಲ, ಬುಡವ್ವ” ಎಂದು ಅವಳೇ ನನ್ನ ಬೆನ್ನು ಸವರಿ ಗಾಡಿ ಹತ್ತಿದಳು.

ಸಂಜೆ ಎಂಜಿನಿಯರ್ ಫೋನಿನಲ್ಲಿ ನನ್ನ ಜಾಣತನವನ್ನು ಬಾಯ್ತುಂಬ ಹೊಗಳಿದರು. ಬಸ್ಸಿಗೆ ಹೊರಟಾಗ ಗೇಟಿನ ಪಕ್ಕ ಸುರಿದಿದ್ದ ಕಪ್ಪು ರಾಶಿ ಇನ್ನೂ ಹಬೆಯಾಡುತ್ತಿತ್ತು. ಈಗಲೂ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ಹಾಕಲು ಯಾರಾದರೂ ಬಂದರೆ, ಹೊರಗೆ ಕಾಯುತ್ತಿರುವವರನ್ನು ಮೊದಲು ಮಾತಾಡಿಸಿಕೊಂಡು ಬನ್ನಿ ಎನ್ನುತ್ತೇನೆ. ಅವರು ನಗುತ್ತಾರೆ. ನಾನು ಬಿಡುವುದಿಲ್ಲ.