ಕರಿ ದಿನದ ಒಂದು ತಂಬಿಗೆ

ಕಾರಟಗಿಯ ಅಕ್ಕಿ ಗಿರಣಿಯೊಂದರಲ್ಲಿ ನಾನು ಇಪ್ಪತ್ತಾರು ವರ್ಷ ಕಾಟಾ ನೋಡಿಕೊಂಡವನು. ಬಂದ ಭತ್ತದ ಚೀಲ ತೂಗುವುದು, ಹೋಗುವ ಅಕ್ಕಿಯ ಚೀಲ ತೂಗುವುದು, ಇಷ್ಟೇ ಕೆಲಸ. ಜನ ನನ್ನನ್ನು ಕಾಟಾ ಮಾಸ್ತರ ಎಂದೇ ಕರೆಯುತ್ತಿದ್ದರು. ಅಪ್ಪ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿತ್ತು. ಜೀವಮಾನದಲ್ಲಿ ಒಂದು ಹನಿ ಸೇಂದಿ ಮುಟ್ಟಿದವನಲ್ಲ ನಾನು. ಮುಟ್ಟುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊಳಿಯಪ್ಪನ ಬಗ್ಗೆ ಆ ವರ್ಷ ನಾನು ಆಡಿದ ಮಾತೆಲ್ಲ ಆ ಉರಿಯಿಂದಲೇ ಬಂದದ್ದು. ಅದರಲ್ಲಿ ಒಂದೂ ನಿಜವಾಗಲಿಲ್ಲ.

ಹೊಳಿಯಪ್ಪ ಯಲಬುರ್ಗಾ ಕಡೆಯ ಬೇವೂರಿನವನು. ಇಪ್ಪತ್ತನೆಯ ವಯಸ್ಸಿಗೆ ಕಾರಟಗಿಗೆ ಬಂದು ನಮ್ಮ ಗಿರಣಿಯಲ್ಲಿ ಹಮಾಲನಾದ. ಬಂದಾಗ ಸಣಕಲು ಹುಡುಗ, ಆದರೆ ಚೀಲ ಬೆನ್ನಿಗೆ ಬಿದ್ದರೆ ಹಲಗೆಯ ಮೇಲೆ ಓಡುತ್ತಿದ್ದ. ಚೀಲಗಳನ್ನು ಒಂದರ ಮೇಲೊಂದು ಪೇರಿಸಿ ಎರಡಾಳೆತ್ತರ ಮಾಡಿದ ಸಾಲಿಗೆ ನಾವು ಥಪ್ಪಿ ಎನ್ನುತ್ತೇವೆ. ನೆಲದಿಂದ ಥಪ್ಪಿಯ ತುದಿಗೆ ಒಂದು ಮೊಳ ಅಗಲದ ಉದ್ದನೆಯ ಹಲಗೆ. ಎಪ್ಪತ್ತೈದು ಕಿಲೋದ ಭತ್ತದ ಚೀಲ ಹೊತ್ತು ಅದನ್ನು ಹತ್ತುವವನೇ ಹಮಾಲ. ಹತ್ತಲಾಗದವನು ಕೆಳಗೆ ಕೂತು ಹೆಂಗಸರ ಜೊತೆ ಹರಿದ ಚೀಲ ಹೊಲಿಯಬೇಕು.

ಹದಿನಾರು ವರ್ಷ ಕಳೆಯುವಷ್ಟರಲ್ಲಿ ಹೊಳಿಯಪ್ಪ ಊದಿಕೊಂಡಿದ್ದ. ಬೇವೂರಿನಲ್ಲಿ ಜೋಳದ ರೊಟ್ಟಿ ತಿಂದು ಬೆಳೆದ ಹೊಟ್ಟೆಗೆ ಇಲ್ಲಿ ಮೂರು ಹೊತ್ತೂ ಅನ್ನ. ಸಂಜೆಯಾದರೆ ಸೇಂದಿ ಅಂಗಡಿ. ಸೇಂದಿ ಎಂದೂ ಒಂದೇ ಹೋಗುವುದಿಲ್ಲ, ಅದರ ಜೊತೆ ಒಂದು ತಟ್ಟೆ ಮಿರ್ಚಿ ಭಜಿ ಹೋಗುತ್ತದೆ, ಅದರ ಹಿಂದೆ ಮನೆಯಲ್ಲಿ ಮತ್ತೆ ಅನ್ನ ಸಾರು. ಅವನು ಚೀಲ ಹೊತ್ತು ಬರುವಾಗ ಮೊದಲು ಹೊಟ್ಟೆ ಕಾಣುತ್ತಿತ್ತು, ಆಮೇಲೆ ಚೀಲ, ಕೊನೆಗೆ ಹೊಳಿಯಪ್ಪ.

ನಮ್ಮ ಗಿರಣಿಯ ಹಮಾಲರಲ್ಲಿ ಒಂದು ಪದ್ಧತಿ ಇತ್ತು. ದೀಪಾವಳಿ ಪಾಡ್ಯದ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಪ್ರತಿಯೊಬ್ಬನೂ ಹೊಸ ಭತ್ತದ ಒಂದು ಚೀಲ ಹೊತ್ತು ಥಪ್ಪಿಯ ತುದಿಗೆ ಹಾಕಬೇಕು. ನಡುವೆ ನಿಲ್ಲಬಹುದು, ಇಳಿಸುವಂತಿಲ್ಲ. ಬೀಳಿಸಿದವನು ಮುಂದಿನ ಪಾಡ್ಯದವರೆಗೆ ಹಲಗೆ ಮುಟ್ಟುವಂತಿಲ್ಲ. ಎರಡನೆಯ ಪಾಡ್ಯಕ್ಕೂ ಬೀಳಿಸಿದರೆ ತಂಡದಲ್ಲಿ ಅವನ ಜಾಗ ಕಾಯಂ ಹೋಯಿತು.

ಎಂಬತ್ತೊಂದರ ಪಾಡ್ಯದಂದು ಹೊಳಿಯಪ್ಪ ಹಲಗೆಯ ನಡುಮಧ್ಯಕ್ಕೆ ಬಂದಾಗ ಹಲಗೆ ಲಟ್ಟೆಂದು ಮುರಿಯಿತು. ಅವನೂ ಬಿದ್ದ, ಚೀಲವೂ ಬಿತ್ತು. ಅರಿಶಿನ ಕುಂಕುಮ ಹಚ್ಚಿದ ಚೀಲ ಒಡೆದು ಭತ್ತ ಅಂಗಳದ ತುಂಬ ಚೆಲ್ಲಿತು. ಪೂಜೆಯ ಭತ್ತ, ಯಾರೂ ತುಳಿಯುವಂತಿಲ್ಲ. ಎಲ್ಲರೂ ಇದ್ದಲ್ಲೇ ನಿಂತರು.

"ಹಲಗಿ ಹಳೇದಿತ್ರಿ," ಎಂದ ಹೊಳಿಯಪ್ಪ, ಕೂತಲ್ಲಿಂದಲೇ.

ಹಮಾಲರ ಮುಖ್ಯಸ್ಥ ವಿರುಪಣ್ಣ ಒಳ್ಳೆಯವನೇ, ಆದರೆ ಪದ್ಧತಿಯ ವಿಷಯದಲ್ಲಿ ಕಲ್ಲು. "ನಿನ್ನ ಮುಂದ ಒಂಬತ್ತ ಮಂದಿ ಅದ ಹಲಗಿ ಹತ್ಯಾರ, ಹೊಳಿಯಪ್ಪ. ಬರೂ ಪಾಡ್ಯಾದ ತನಕ ಸೂಜಿ ಹಿಡಿ," ಎಂದ.

ಹಬ್ಬ ಕಳೆದ ಮೇಲೆ ಅವನು ಚೀಲ ಹೊಲಿಯಲು ಕೂತ. ಪಕ್ಕದಲ್ಲಿ ಕೂತವಳು ಯಾರು ಅಂತೀರಿ? ಅವನ ಹೆಂಡತಿ ಉಡಚಮ್ಮ. ಎಂಟು ವರ್ಷದಿಂದ ಅದೇ ಜಾಗದಲ್ಲಿ ಕೂತು ಹೊಲಿಯುತ್ತಿದ್ದವಳು. ಗಂಡ ಒಂದು ಚೀಲ ಮುಗಿಸುವಷ್ಟರಲ್ಲಿ ಅವಳದು ಮೂರು ಮುಗಿಯುತ್ತಿತ್ತು. ಅವನು ಹಾಕಿದ ಸೊಟ್ಟ ಹೊಲಿಗೆಯನ್ನು ಅವಳು ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಅದನ್ನು ನೋಡಲು ನನಗೇ ಕಷ್ಟವಾಗುತ್ತಿತ್ತು.

ಒಂದು ಸೋಮವಾರ ಬೆಳಿಗ್ಗೆ, ಗಾಡಿಗಳು ಬರುವ ಮೊದಲು, ಹೊಳಿಯಪ್ಪ ಬಂದು ಕಾಟಾದ ಮೇಲೆ ನಿಂತ. ತೊಂಬತ್ತನಾಲ್ಕು ಕಿಲೋ.

"ಚೀಲಕ್ಕಿಂತ ಹತ್ತೊಂಬತ್ತ ಕಿಲೋ ಹೆಚ್ಚ," ಎಂದೆ. "ನಿನ್ನನ್ನ ಹೊರಾಕ ಇನ್ನೊಬ್ಬ ಹಮಾಲ ಬೇಕು."

"ಚೀಲಕ್ಕಿಂತ ಹಗುರ ಆಗಿ ತೋರಸ್ತೀನ್ರಿ, ಮಾಸ್ತರ. ಗ್ಯಾನಪ್ಪ ಉಸ್ತಾದರ ಗರಡಿಗೆ ಹೊಂಟೀನಿ. ಸೇಂದಿ ಬಿಟ್ಟೀನಿ, ಯಮನೂರಪ್ಪನ ಆಣಿ ಮಾಡೀನಿ."

ನಾನು ನಕ್ಕೆ. ಜೋರಾಗಿಯೇ ನಕ್ಕೆ.

ಗ್ಯಾನಪ್ಪ ಉಸ್ತಾದನ ಗರಡಿ ಕಾಲುವೆಯ ಆಚೆ. ಅರವತ್ತು ದಾಟಿದ್ದರೂ ಎಮ್ಮೆಯ ಕತ್ತು ಅವನದು. ಕುಡಿದವನು ಗರಡಿಯ ಮಣ್ಣು ಮುಟ್ಟಬಾರದು, ಇದು ಅವನ ಮೊದಲ ಮಾತು ಮತ್ತು ಕೊನೆಯ ಮಾತು. ಆಣೆ ಮಾಡಿದ್ದಾನೆಂದು ಹೊಳಿಯಪ್ಪನನ್ನು ಒಳಗೆ ಬಿಟ್ಟ. ಬೆಳಗಿನ ಐದಕ್ಕೆ ದಂಡ, ಬೈಠಕ. ಆಮೇಲೆ ಪೈಲವಾನರಿಗೆ ಕೊಡುವ ಖುರಾಕು, ಅಂದರೆ ಒಂದು ಸೇರು ಎಮ್ಮೆ ಹಾಲು, ಹಿಡಿ ಬದಾಮಿ, ತುಪ್ಪದಲ್ಲಿ ಮುಳುಗಿದ ಗೋಧಿ ಹುಗ್ಗಿ. ಉಸ್ತಾದ ನಲವತ್ತು ವರ್ಷದಿಂದ ಸಣ್ಣವರನ್ನು ದಪ್ಪ ಮಾಡುತ್ತ ಬಂದವನು. ದಪ್ಪಗಿದ್ದವನು ಸಣ್ಣಗಾಗಲು ಗರಡಿಗೆ ಬಂದಿದ್ದಾನೆ ಎಂಬುದು ಅವನ ತಲೆಗೂ ಹೊಳೆಯಲಿಲ್ಲ, ಹೊಳಿಯಪ್ಪನೂ ಉಸ್ತಾದ ಕೊಟ್ಟದ್ದನ್ನು ಬೇಡ ಅನ್ನಲಿಲ್ಲ. ಎರಡು ತಿಂಗಳು ಬೆವರು ಸುರಿಸಿ ಸಂಕ್ರಾಂತಿಯ ಮರುವಾರ ಕಾಟಾ ಹತ್ತಿದ. ತೊಂಬತ್ತೆಂಟು!

ನಾನು ಗಿರಣಿಯ ತುಂಬ ಸುದ್ದಿ ಹಬ್ಬಿಸಿದೆ. ಪಾಪ, ಅವನು ಮೂರು ದಿನ ತಲೆ ಎತ್ತಲಿಲ್ಲ.

ಇದು ಸಾಲದೆಂಬಂತೆ ಯುಗಾದಿಗೆ ಊರಿಗೆ ಹೋದ. ನಮ್ಮ ಕಡೆ ಹಬ್ಬದ ಮರುದಿನ ಕರಿ. ಅಂದು ಯಾರೂ ಒಳ್ಳೆಯ ಕೆಲಸ ಹಿಡಿಯುವುದಿಲ್ಲ, ಉಣ್ಣುವವರು ಉಣ್ಣುತ್ತಾರೆ, ಕುಡಿಯುವವರು ಕುಡಿಯುತ್ತಾರೆ. ಅಣ್ಣತಮ್ಮಂದಿರು ಸೇಂದಿಯ ಕೊಡ ನಡುವೆ ಇಟ್ಟುಕೊಂಡು ಕೂತಿದ್ದರು. ಹೊಳಿಯಪ್ಪ ಒಂದು ಲೋಟ ಕುಡಿದ. ಆಣೆ ಮುರಿಯಿತು. ಮುರಿದ ಮೇಲೆ ಉಳಿದದ್ದೇನು ಎಂದುಕೊಂಡು ಎಂಟು ದಿನ ಅಲ್ಲೇ ಕುಡಿಯುತ್ತ ಬಿದ್ದಿದ್ದ. ಉಡಚಮ್ಮ ಹೋಗಿ ಕರೆದುಕೊಂಡು ಬಂದಳು.

ಗ್ಯಾನಪ್ಪ ಉಸ್ತಾದ ಬಾಗಿಲು ಮುಚ್ಚಿದ. ನಾನಂತೂ ಸಿಕ್ಕವರಿಗೆಲ್ಲ ಹೇಳಿದೆ, ಕುಡುಕನ ಕಥೆ ಇಷ್ಟೇ ಎಂದು. ಆಗ ಚೀಲ ಹೊಲಿಯುತ್ತಿದ್ದ ಉಡಚಮ್ಮ ಸೂಜಿಯನ್ನು ಚೀಲಕ್ಕೆ ಚುಚ್ಚಿಟ್ಟು ನನ್ನ ಕಡೆ ತಿರುಗಿದಳು.

"ಮಾಸ್ತರ, ಅವರು ಐದ ತಿಂಗಳ ಕುಡಿಲಿಲ್ಲ. ಅದನ್ನ ಯಾರೂ ತೂಗಲಿಲ್ಲ ನೋಡ್ರಿ. ಒಂದ ಲೋಟ ಕುಡದದ್ದನ್ನ ಎಲ್ಲಾರೂ ತೂಗಿದ್ರಿ."

ನಾನು ಕಾಟಾದ ಕಡೆ ಹೊರಟುಹೋದೆ.

ಮನೆಯಲ್ಲಿ ಅವಳು ಗಂಡನಿಗೆ ಏನು ಹೇಳಿದಳು ಎಂಬುದನ್ನು ಆಮೇಲೆ ಹೊಳಿಯಪ್ಪನೇ ನನಗೆ ಹೇಳಿದ. "ಆಣಿ ಗೀಣಿ ಬ್ಯಾಡ್ರಿ. ಆಣಿ ಮಾಡಿದ್ರ ಒಂದ ಲೋಟಕ್ಕೂ ಮುರೀತೈತಿ, ಎಂಟ ದಿನಕ್ಕೂ ಮುರೀತೈತಿ. ವರ್ಷದಾಗ ದೊಡ್ಡ ಹಬ್ಬದ ಕರಿ ಎಷ್ಟ ಬರ್ತಾವೋ ಅಷ್ಟ ದಿನ ಕುಡೀರಿ. ಒಂದ ತಂಬಗಿ, ಅದೂ ಈ ತಂಬಗಿ. ಉಳದ ದಿನ ಕೇಳಬ್ಯಾಡ್ರಿ." ತವರಿನಿಂದ ತಂದ ಹಿತ್ತಾಳೆಯ ಸಣ್ಣ ತಂಬಿಗೆಯನ್ನು ಮುಂದಿಟ್ಟಳಂತೆ. ಮಿರ್ಚಿ ಭಜಿ ಬಂದ್. ಕರಿ ದಿನ ತಂಬಿಗೆಯ ಜೊತೆ ಹಸಿ ಉಳ್ಳಾಗಡ್ಡಿ, ಒಂದು ಹಿಡಿ ಪುಠಾಣಿ, ಅಂದರೆ ಹುರಿಗಡಲೆ. ಉಳಿದ ದಿನಗಳಲ್ಲಿ ಬೇವೂರಿನ ಊಟ. ಬೆಳಿಗ್ಗೆ ಎರಡು ರೊಟ್ಟಿ, ಪುಂಡಿಪಲ್ಯ, ಮಧ್ಯಾಹ್ನ ಹೆಸರುಕಾಳು, ಮಜ್ಜಿಗೆ, ಸಂಜೆ ಒಂದೇ ರೊಟ್ಟಿ. ಅನ್ನ ಅಮಾವಾಸ್ಯೆಗೆ ಒಮ್ಮೆ.

ಹೊಳಿಯಪ್ಪ ಹೋಗಿ ಉಸ್ತಾದನ ಬಾಗಿಲಲ್ಲಿ ನಿಂತ. "ಉಸ್ತಾದರ, ಸುಳ್ಳ ಹೇಳೂದಿಲ್ಲ. ಕರಿ ದಿನ ಒಂದ ತಂಬಗಿ ಕುಡೀತೀನಿ. ಅವತ್ತು, ಮರುದಿವಸ ನಿಮ್ಮ ಮಣ್ಣ ತುಳಿಯೂದಿಲ್ಲ. ಹೊರಗ ಬೇವಿನ ಗಿಡದ ಕೆಳಗ ಬೈಠಕ ಹೊಡೀತೀನಿ. ಉಳದ ದಿನ ಒಳಗ ಬಿಡ್ರಿ."

ಮುದುಕ ಬಾಗಿಲು ತೆರೆದ. "ಬಿಟ್ಟೀನಿ ಅಂತ ಹೇಳಿ ಹಿಂದಿಂದ ಕುಡಿಯೂ ಮಕ್ಕಳನ್ನ ಭಾಳ ನೋಡೀನಿ. ಕುಡೀತೀನಿ ಅಂತ ಮುಂದ ನಿಂತ ಹೇಳಿದವ ನೀನ ಮೊದಲು. ಬಾ ಒಳಗ," ಎಂದ. ಖುರಾಕನ್ನು ಮಾತ್ರ ಈ ಸಲ ಹೊಳಿಯಪ್ಪ ಕೈಮುಗಿದು ಬೇಡವೆಂದ.

ಬೇಸಿಗೆ ಕಳೆಯಿತು. ಅವನು ಚೀಲಕ್ಕೆ ಉಸುಕು ತುಂಬಿ ಹೊತ್ತು ಕಾಲುವೆಯ ಏರಿಯನ್ನು ಹತ್ತುವುದು, ಇಳಿಯುವುದು. ಮೊದಲು ಅರ್ಧ ಚೀಲ, ಆಮೇಲೆ ಮುಕ್ಕಾಲು. ಸೋಮವಾರ ಸೋಮವಾರ ಕಾಟಾ. ತೊಂಬತ್ತೈದು, ತೊಂಬತ್ತೆರಡು, ಎಂಬತ್ತೊಂಬತ್ತು. ಪ್ರತಿ ಸಲ ನಾನು ಕಾಟಾ ಕೆಟ್ಟಿದೆಯೋ ಎಂದು ಒಂದು ಭತ್ತದ ಚೀಲ ಇಟ್ಟು ನೋಡುತ್ತಿದ್ದೆ. ಕಾಟಾ ಸರಿಯಾಗಿಯೇ ಇತ್ತು, ಕೆಟ್ಟದ್ದು ನನ್ನ ಮನಸ್ಸು.

ಪಂಚಮಿಯ ಕರಿ ಬಂತು. ಇವತ್ತು ಇವನ ಬಣ್ಣ ಬಯಲಾಗುತ್ತದೆ ಎಂದು ನಾನು ಹಿಂದೆಯೇ ಹೋದೆ. ಜೀವನದಲ್ಲಿ ಮೊದಲ ಸಲ ಸೇಂದಿ ಅಂಗಡಿಯ ಮುಂದೆ ನಿಂತೆ, ಎದುರಿನ ಚಹಾದಂಗಡಿಯ ಕಂಬದ ಮರೆಯಲ್ಲಿ. ಹೊಳಿಯಪ್ಪ ತಂಬಿಗೆ ತುಂಬಿಸಿಕೊಂಡು ನೆಲದ ಮೇಲೆ ಕೂತ. ಪುಠಾಣಿ ಒಂದೊಂದೇ ಬಾಯಿಗೆ ಹಾಕುತ್ತ, ಅರ್ಧ ಗಂಟೆ ಹಿಡಿದು ಆ ಒಂದು ತಂಬಿಗೆ ಕುಡಿದ. ಎಷ್ಟು ಖುಷಿಯಿಂದ ಕುಡಿದ ಅಂದರೆ ನನಗೇ ಬಾಯಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಮುಗಿದ ಮೇಲೆ ತಂಬಿಗೆಯನ್ನು ನೆಲದ ಮೇಲೆ ಬೋರಲು ಹಾಕಿದ.

"ಇನ್ನೊಂದ ಹಾಕೋ ಮಾರಾಯ, ಕರಿ ಐತಿ," ಎಂದು ಸುತ್ತಲಿನವರು ಎಳೆದರು. ಒಬ್ಬ ತನ್ನ ಲೋಟವನ್ನೇ ಅವನ ಬಾಯಿಗೆ ಹಿಡಿದ.

"ನನ್ನ ತಂಬಗಿ ಮಕ್ಕೊಂಡೈತಿ, ಎಬ್ಬಸಬ್ಯಾಡ್ರಿ," ಎಂದು ನಗುತ್ತ ಎದ್ದು ಹೋದ. ಮರುದಿನ ಬೆಳಿಗ್ಗೆ ಐದಕ್ಕೆ ಗರಡಿಯ ಹೊರಗೆ ಬೇವಿನ ಗಿಡದ ಕೆಳಗೆ ಬೈಠಕ ಹೊಡೆಯುತ್ತಿದ್ದ. ಅದನ್ನೂ ಹೋಗಿ ನೋಡಿದೆ. ನನಗೂ ಬೇರೆ ಕೆಲಸವಿರಲಿಲ್ಲ.

ಆ ಸೋಮವಾರ ತೂಕ ಅರ್ಧ ಕಿಲೋ ಏರಿತ್ತು. "ನೋಡು, ಏರೈತಿ!" ಎಂದೆ ಹುರುಪಿನಿಂದ.

"ಏರಲಿ ಬಿಡ್ರಿ ಮಾಸ್ತರ. ಬರೂ ವಾರ ಇಳಸ್ತೀನಿ," ಎಂದ. ಇಳಿಸಿದ. ಯುಗಾದಿಯಲ್ಲಿ ಒಂದು ಲೋಟಕ್ಕೆ ಎಂಟು ದಿನ ಕಳೆದುಕೊಂಡ ಮನುಷ್ಯನೇ ಇವನು ಎಂದು ನಂಬುವುದು ಕಷ್ಟವಾಗಿತ್ತು. ಅಂದಿನಿಂದ ನಾನು ಅವನ ಬಗ್ಗೆ ಹಗುರವಾಗಿ ಮಾತಾಡುವುದನ್ನು ಬಿಟ್ಟೆ. ದಸರೆಯ ಕರಿಗೆ ಅವನ ಹಿಂದೆ ಹೋಗಲೂ ಇಲ್ಲ.

ಎಂಬತ್ತೆರಡರ ಪಾಡ್ಯ. ಅಂಗಳ ಸಾರಿಸಿ ರಂಗೋಲಿ ಹಾಕಿದ್ದರು. ಹೊಸ ಹಲಗೆ, ಥಪ್ಪಿಯ ತುದಿಯಲ್ಲಿ ಚೆಂಡುಹೂವಿನ ಮಾಲೆ. ಉಸ್ತಾದನೂ ಬಂದು ಮೂಲೆಯಲ್ಲಿ ಕೋಲೂರಿ ನಿಂತಿದ್ದ. ಹೊಳಿಯಪ್ಪ ಮೊದಲು ಕಾಟಾದ ಮೇಲೆ ನಿಂತ. ಕಾಟಾದ ದಂಡಿಗೆ ತೂಗಾಡುವುದು ನಿಲ್ಲುವವರೆಗೆ ಕಾದೆ.

"ಎಪ್ಪತ್ತೆರಡು!" ಎಂದು ಕೂಗಿದೆ. "ಚೀಲಕ್ಕಿಂತ ಮೂರ ಕಿಲೋ ಕಡಿಮಿ!"

ಇಬ್ಬರು ಚೀಲ ಎತ್ತಿ ಬೆನ್ನಿಗೆ ಹಾಕಿದರು. ಹೊಳಿಯಪ್ಪ ಹಲಗೆಗೆ ಕಾಲಿಟ್ಟ. ಉಡಚಮ್ಮ ಚೀಲ ಹೊಲಿಯುವ ಜಾಗದಲ್ಲೇ ಎದ್ದು ನಿಂತಿದ್ದಳು, ಕೈಯಲ್ಲಿ ಸೂಜಿ ಹಾಗೇ ಇತ್ತು. ನಾಲ್ಕು ಹೆಜ್ಜೆ, ಐದು, ಆರು. ಹಲಗೆಯ ನಡುಮಧ್ಯಕ್ಕೆ, ಹೋದ ವರ್ಷ ಮುರಿದ ಜಾಗಕ್ಕೆ ಬಂದಾಗ ಹೊಸ ಹಲಗೆ ಬಾಗಿ ಕಿರ್‍ರೆಂದಿತು. ಹೊಳಿಯಪ್ಪ ನಿಂತ. ಇಡೀ ಅಂಗಳ ನಿಂತಿತು. ಹಲಗೆ ತೂಗುತ್ತಿತ್ತು.

"ಏ ಹೊಳಿಯಪ್ಪ, ಕಾಲುವಿ ಏರಿ ಅಂತ ತಿಳಕೋ!" ಎಂದು ಮೂಲೆಯಿಂದ ಉಸ್ತಾದ ಗರ್ಜಿಸಿದ.

ಹಲಗೆಯ ತೂಗಾಟ ನಿಲ್ಲುವವರೆಗೆ ಅವನು ಕಾದ. ಆಮೇಲೆ ಇಪ್ಪತ್ತು ವರ್ಷದ ಹುಡುಗನಂತೆ ಉಳಿದ ಹಲಗೆಯನ್ನು ಓಡಿಯೇ ಹತ್ತಿದ. ಚೀಲ ಧೊಪ್ಪೆಂದು ಥಪ್ಪಿಯ ತುದಿಗೆ ಬಿತ್ತು. ಅವನು ಅದರ ಪಕ್ಕದಲ್ಲಿ ನಿಂತು ಎರಡೂ ಕೈ ಎತ್ತಿದ. ಗಿರಣಿಯ ತಗಡು ಹಾರುವಂತೆ ಜನ ಕೂಗಿದರು. ನಾನೂ ಕೂಗಿದೆ, ನನ್ನ ಟೋಪಿ ಎಲ್ಲೋ ಬಿತ್ತು. ಉಡಚಮ್ಮ ಕೂಗಲಿಲ್ಲ. ಪಕ್ಕದಲ್ಲಿದ್ದ ಗಂಡನ ಸೂಜಿಯನ್ನು ತೆಗೆದುಕೊಂಡು ತನ್ನ ಡಬ್ಬಿಗೆ ಹಾಕಿ ಮುಚ್ಚಿದಳು.

ವಿರುಪಣ್ಣ ತೆಂಗಿನಕಾಯಿ ಒಡೆದ. ಸಂತೋಷ ತಡೆಯಲಾರದೆ ಎಲ್ಲಿಂದಲೋ ಒಂದು ಕೊಡ ಸೇಂದಿ ತರಿಸಿಯೇಬಿಟ್ಟ. "ಮೊದಲ ಲೋಟ ನಿಂದು," ಎಂದು ಹಿಡಿದ.

"ಇವತ್ತ ಪಾಡ್ಯಾ ಐತಿ, ಅಣ್ಣಾ," ಎಂದ ಹೊಳಿಯಪ್ಪ, ಬೆವರು ಒರೆಸಿಕೊಳ್ಳುತ್ತ. "ಕರಿ ನಾಳೆ ಐತಿ."

ಮರುದಿನ ಕರಿ. ಈ ಸಲ ಅವನು ಅಂಗಡಿಗೆ ಹೋಗಲಿಲ್ಲ. ಉಡಚಮ್ಮನೇ ಆ ತಂಬಿಗೆಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ತೊಳೆದು, ತುಂಬಿಸಿಕೊಂಡು ಗಿರಣಿಯ ಅಂಗಳಕ್ಕೆ ತಂದಳು. ಹೊಳಿಯಪ್ಪ ಥಪ್ಪಿಗೆ ಬೆನ್ನು ಕೊಟ್ಟು ಕೂತು, ರಾಜನಂತೆ, ಅರ್ಧ ಗಂಟೆ ಹಿಡಿದು ಕುಡಿದ. ಬೋರಲು ಹಾಕಿದ. ಯಾರೂ ಇನ್ನೊಂದು ಹಾಕು ಅನ್ನಲಿಲ್ಲ. ಆಮೇಲೆ ಅವನು ನನ್ನ ಕಡೆ ನೋಡಿದ.

"ಮಾಸ್ತರ, ವರ್ಷಾನಗಟ್ಟಲೆ ನಮ್ಮನ್ನ ತೂಗೀರಿ. ಒಮ್ಮೆ ನೀವೂ ಕಾಟಾ ಹತ್ತರಿ."

ಎಲ್ಲರ ಮುಂದೆ ಬೇಡವೆನ್ನಲು ಮುಖವಿರಲಿಲ್ಲ. ಹತ್ತಿದೆ. ಉಡಚಮ್ಮ ದಂಡಿಗೆಯನ್ನು ನೋಡಿದಳು, ನನ್ನನ್ನು ನೋಡಿದಳು, ಸೆರಗು ಬಾಯಿಗೆ ಅಡ್ಡ ಹಿಡಿದಳು. ಒಂದು ಹನಿ ಮುಟ್ಟದ ನಾನು ತೊಂಬತ್ತಾರು ಕಿಲೋ ಇದ್ದೆ.

ಅಂಗಳ ಬಿದ್ದು ಬಿದ್ದು ನಗುತ್ತಿತ್ತು. ಹೊಳಿಯಪ್ಪ ಮಾತ್ರ ನಗಲಿಲ್ಲ. ಹತ್ತಿರ ಬಂದು ನನ್ನ ಕೈ ಹಿಡಿದು ಕಾಟಾದಿಂದ ಇಳಿಸಿದ. "ನಾಳೆ ಮುಂಜಾನೆ ಐದಕ್ಕ ಬರ್ರಿ," ಎಂದ. "ನಾ ಹೆಂಗೂ ಹೊರಗ ಬೇವಿನ ಗಿಡದ ಕೆಳಗ ಇರ್ತೀನಿ. ಜೋಡಿ ಆಗ್ತೈತಿ."

ಹೋದೆ.